ಕಬ್ಬಿಣದ್ದೇನೂ ಇರಬಾರದು

ಠಾಣೆಯ ಮಾಜಿವಾಡಾದಲ್ಲಿ ಚಳಿ ಎಂದರೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವ ತನಕ, ಅಷ್ಟೇ. ಆ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ನಮ್ಮ ಕಟ್ಟಡದ ಹಿಂದಿನ ಓಣಿಯಲ್ಲಿ ಬೆಂಕಿ ಹೊತ್ತುತ್ತದೆ. ಮೆಟ್ರೊ ಕೆಲಸಕ್ಕೆ ಬಂದ ಹುಡುಗರು ಮುರಿದ ಸೆಂಟ್ರಿಂಗ್ ಹಲಗೆ ತಂದು ಒಟ್ಟುತ್ತಾರೆ. ಇಂಡಿ, ಸಿಂದಗಿ, ಅಫಜಲಪುರ ಕಡೆಯವರು. ಮಗನ ಮನೆಯ ಬಾಲ್ಕನಿಗೆ ಅವರ ಮಾತು ಕೇಳುತ್ತದೆ. ಕನ್ನಡ ಕಿವಿಗೆ ಬಿದ್ದ ಮೇಲೆ ಟಿವಿ ಮುಂದೆ ಕೂತಿರಲು ನನ್ನಿಂದಾಗದು. ಶಾಲು ಹೊದ್ದು ಕೆಳಗಿಳಿಯುತ್ತೇನೆ. "ಬರ್ರಿ ಅಜ್ಜಾರ, ಕೂಡ್ರಿ" ಎಂದು ಒಬ್ಬ ಸಿಮೆಂಟಿನ ಚೀಲ ಮಡಚಿ ಹಾಸಿಕೊಡುತ್ತಾನೆ.

ಅಂಥದೇ ಒಂದು ರಾತ್ರಿ ಮಾತು ಕೋರ್ಟಿನ ಕಡೆ ಹೊರಳಿತು. ಇಂಡಿ ತಾಲ್ಲೂಕಿನ ಹುಡುಗನ ಮನೆಯ ಹೊಲದ ವ್ಯಾಜ್ಯ ಅವನ ಅಪ್ಪನ ಕಾಲದಿಂದ ನಡೆದಿದೆಯಂತೆ. ತಾರೀಖು ಬಂದಾಗೊಮ್ಮೆ ಊರಿಗೆ ಓಡಬೇಕು, ಓಡಿದಾಗೊಮ್ಮೆ ಪಗಾರ ಮುರಿಯಬೇಕು. "ಗೆದ್ದವ ಸೋತ, ಸೋತವ ಸತ್ತ ಅಂತ ಹಿರ್ಯಾರು ಸುಳ್ಳ ಹೇಳ್ಯಾರೇನ್ರಿ?" ಎಂದ. ಅವನ ಪಕ್ಕದವನು ಕೋಲಶೇತ್ ಕಡೆ ಕೆಲಸಕ್ಕೆ ಹೋಗುವವನು. ಅಲ್ಲಿನ ವಾಯುಪಡೆ ಠಾಣ್ಯದ ಗೋಡೆಯ ಹತ್ತಿರ ಮೊಬೈಲು ಕೈಗೆತ್ತಿಕೊಂಡರೂ ಕಾವಲಿನವರು ಗದರುತ್ತಾರೆ ಎಂದು ಹೇಳುತ್ತಿದ್ದ. ಎಲ್ಲರಿಗಿಂತ ಸಣ್ಣವನು ಕೇಳಿದ: "ಬರಿಗೈಲೆ ಸೀದಾ ಒಳಗ ನಡಕೋತ ಹ್ವಾದ್ರ ಏನ್ ಮಾಡ್ತಾರು?"

"ಗುಂಡ ಹೊಡಿತಾರ, ಮತ್ತೇನ್ ಮಾಡ್ತಾರ?"

"ಹೊಡದಾರ ತಮ್ಮಾ," ಎಂದೆ ನಾನು. "ಬರಿಗೈಲೆ ಹೋದವರ ಮ್ಯಾಲೇ ಹೊಡದಾರ. ಅವರ ಮುಂದಾಳುಗಳನ್ನ ಮಿಲಿಟರಿ ಕೋರ್ಟಿನಾಗ ನಿಂದರಿಸ್ಯಾರ. ಹಂಗ ಹೋಗೋ ಮಂದಿಗೆ ನಮ್ಮವ್ವ ಚಹಾ ಮಾಡಿ ಕೊಟ್ಟಿದ್ಲು."

ಆ ರಾತ್ರಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೇಳುವಾಗ ಬಿಟ್ಟುಹೋದ ಒಂದಿಷ್ಟನ್ನು ಸೇರಿಸಿದ್ದೇನೆ.

ನಮ್ಮಪ್ಪ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆಯ ಕೀಮನ್ ಆಗಿದ್ದ. ದಿನಾ ಹಳಿಯ ಮೇಲೆ ಮೈಲುಗಟ್ಟಲೆ ನಡೆದು, ಸಡಿಲಾದ ಕೀಲಿಗಳನ್ನು ಸುತ್ತಿಗೆಯಿಂದ ಬಡಿದು ಕೂಡಿಸುವ ಕೆಲಸ. ಹೆಗಲ ಮೇಲೆ ಸ್ಪ್ಯಾನರು, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಸುತ್ತಿಟ್ಟ ಕೆಂಪು ಹಸಿರು ಬಾವುಟ. ಕ್ಯಾಸಲ್‌ರಾಕ್ ಈಗ ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನಲ್ಲಿದೆ. ಆಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಮೀಟರ್‌ಗೇಜಿನ ಆ ಹಾದಿಯಲ್ಲಿ ಇದೇ ನಮ್ಮ ದೇಶದ ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ಘಟ್ಟ, ಸುರಂಗ, ದೂಧಸಾಗರದ ಜಲಪಾತ, ಕೆಳಗೆ ಕುಳೆ. ಕುಳೆಯಲ್ಲಿ ಪೋರ್ಚುಗೀಸರು. ಗೋವಾಕ್ಕೆ ಹೋಗುವವರ ಗಂಟುಮೂಟೆಯನ್ನು ನಮ್ಮ ಕಸ್ಟಮ್ಸಿನವರು ಕ್ಯಾಸಲ್‌ರಾಕ್‌ನಲ್ಲಿ ಬಿಚ್ಚಿಸಿ ನೋಡುತ್ತಿದ್ದರು, ಅವರ ಕಡೆಯವರು ಕುಳೆಯಲ್ಲಿ.

ಪೋರ್ಚುಗೀಸರು ಎಂದರೆ ಹುಡುಗರಿಗೆ ಗುರುತು ಹತ್ತಲಿಲ್ಲ. ನಾನು ಹೆದ್ದಾರಿಯ ಕಡೆ ಕೈ ತೋರಿಸಿದೆ. ಇಲ್ಲಿ ಮಾಜಿವಾಡಾ ನಾಕಾದಿಂದ ಹೊರಡುವ ಘೋಡಬಂದರ್ ರಸ್ತೆಯ ಆ ತುದಿಯಲ್ಲಿ, ಖಾಡಿಯ ದಂಡೆಗೆ, ಅವರದೊಂದು ಕೋಟೆ ಇದೆ. ಠಾಣೆಯ ಸೆಂಟ್ರಲ್ ಜೈಲೂ ಅವರ ಕೋಟೆಯೇ. 1730ರಲ್ಲಿ ಅವರು ಅದನ್ನು ಕಟ್ಟತೊಡಗಿದರು, 1737ರಲ್ಲಿ ಮರಾಠರು ಗೆದ್ದುಕೊಂಡರು, ಬ್ರಿಟಿಷರು ಬಂದು ಜೈಲು ಮಾಡಿದರು. 1739ರಲ್ಲಿ ವಸಯಿಯೂ ಅವರ ಕೈಬಿಟ್ಟಿತು. ಇಲ್ಲಿಂದ ಅವರು ಹೋಗಿ ಇನ್ನೂರು ವರ್ಷ ದಾಟಿದ್ದರೂ ಗೋವಾದಲ್ಲಿ ಕೂತೇ ಇದ್ದರು. ಬ್ರಿಟಿಷರು ಹೋದರು, ಇವರು ಹೋಗಲಿಲ್ಲ. 1951ರಲ್ಲಿ ತಮ್ಮ ಸಂವಿಧಾನವನ್ನೇ ತಿದ್ದಿ, ಗೋವಾ ವಸಾಹತು ಅಲ್ಲವೇ ಅಲ್ಲ, ಪೋರ್ಚುಗಲ್ಲಿನದೇ ಸಾಗರದಾಚೆಯ ಪ್ರಾಂತ್ಯ ಎಂದು ಬರೆದುಕೊಂಡರು. ಅಲ್ಲಿನ ಜನ ನಮ್ಮವರೇ, ಅವರಿಗೆ ನಮ್ಮ ಆಳ್ವಿಕೆಯಲ್ಲಿ ಸಂತೋಷವಿದೆ ಎಂದು ಜಗತ್ತಿಗೆಲ್ಲ ಹೇಳಿದರು. ಮುಂದೆ ನಡೆದ ಮೊಕದ್ದಮೆಗಳೆಲ್ಲ ಈ ಒಂದು ಮಾತನ್ನು ಕಾಪಾಡುವುದಕ್ಕೇ ನಡೆದವು ಎಂಬುದು ನನ್ನ ಎಣಿಕೆ.

1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಸಭೆಗೆ ನಿಂತು ಸೆರೆಯಾದ ಮೇಲೆ ಗೋವಾದವರಿಗೂ ಧೈರ್ಯ ಬಂತು. ಅದೇ ವರ್ಷ ಟಿ. ಬಿ. ಕುನ್ಹಾ ಅವರನ್ನು ಹಿಡಿದು, ಆಗ್ವಾದ ಕೋಟೆಯಲ್ಲಿಟ್ಟು, ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ಕೈಯಲ್ಲಿ ಲೇಖನಿ ಬಿಟ್ಟರೆ ಬೇರೆ ಏನನ್ನೂ ಹಿಡಿಯದ ಮನುಷ್ಯ. ಎಂಟು ವರ್ಷ ಶಿಕ್ಷೆ ಕೊಟ್ಟು, ಸಮುದ್ರ ದಾಟಿಸಿ, ಪೋರ್ಚುಗಲ್ಲಿನ ಪೆನಿಶ್ ಕೋಟೆಯಲ್ಲಿಟ್ಟರು. ಡಾ. ರಾಮ ಹೆಗಡೆ, ಪುರುಷೋತ್ತಮ ಕಾಕೋಡಕರ ಮುಂತಾದವರದೂ ಅದೇ ಹಾದಿಯಾಯಿತು. 1954ರಲ್ಲಿ ಡಾ. ಪುಂಡಲೀಕ ಗಾಯತೊಂಡೆ ಒಂದು ಭೋಜನಕೂಟದಲ್ಲಿದ್ದರು. ಗೋವಾ ಪೋರ್ಚುಗಲ್ಲಿನದೇ ಎಂದು ಯಾರೋ ಭಾಷಣ ಮಾಡಿದಾಗ, ಇದಕ್ಕೆ ನನ್ನ ವಿರೋಧವಿದೆ ಎಂದಷ್ಟೇ ಹೇಳಿದರು. ಊರಿಗೆ ಬೇಕಾದ ಶಸ್ತ್ರವೈದ್ಯ. ಅವರನ್ನೂ ಹಿಡಿದು ಲಿಸ್ಬನ್ನಿಗೆ ಸಾಗಿಸಿದರು.

ಆ ವರ್ಷ ಆಗಸ್ಟ್ 15ಕ್ಕೆ ಗೋವಾದವರೇ ಮೂರು ತಂಡಗಳಾಗಿ ಒಳಹೊಕ್ಕರು. ಒಂದು ತಂಡ ಕಾರವಾರದ ಕಡೆಯಿಂದ ಪೊಳೆಂಗೆ ಹೋಯಿತು. ಅಲ್ಫ್ರೆಡ್ ಅಫೋನ್ಸೊ ಮುಂದಾಳಾಗಿದ್ದ ತಂಡ ತೆರೆಖೋಲ್ ಕೋಟೆಗೆ ನಡೆದು ತ್ರಿವರ್ಣ ಧ್ವಜ ಏರಿಸಿತು. ಯಾರಿಗೂ ಒಂದು ಏಟು ಹಾಕದೆ ಕೋಟೆಯೊಂದರ ಮೇಲೆ ಬಾವುಟ ಏರಿಸಿದವರು ಅವರು. ಹಿಡಿಯಲು ಬಂದಾಗ ಓಡಲೂ ಇಲ್ಲ.

ಇದೆಲ್ಲ ನಾನು ದೊಡ್ಡವನಾದ ಮೇಲೆ ಓದಿ ತಿಳಿದುಕೊಂಡದ್ದು. ಕಣ್ಣಾರೆ ಕಂಡದ್ದು ಮರುವರ್ಷದ ಆಗಸ್ಟು. ನನಗಾಗ ಹತ್ತು ವರ್ಷ.

ಕ್ಯಾಸಲ್‌ರಾಕ್‌ನ ಮಳೆ ಕಂಡವರಿಗೇ ಗೊತ್ತು. ಜೂನ್‌ನಲ್ಲಿ ಹಿಡಿದರೆ ಬಿಡುವ ಮಾತಿಲ್ಲ. ಒಗೆದ ಬಟ್ಟೆ ಎಂಟು ದಿನವಾದರೂ ಒಣಗುವುದಿಲ್ಲ. ಕ್ವಾರ್ಟರ್ಸಿನಲ್ಲಿ ಎಲ್ಲರ ಮನೆಯಲ್ಲೂ ಶೇಗಡಿಯಲ್ಲಿ ಇಂಜಿನ್ನಿನ ಕಲ್ಲಿದ್ದಲ ಚೂರು ಹಾಕಿ, ಮೇಲೆ ಬುಟ್ಟಿ ಬೋರಲಿಟ್ಟು ಬಟ್ಟೆ ಹರವುತ್ತಿದ್ದರು. ಹೊಗೆಯ ವಾಸನೆ ಇಲ್ಲದ ಅಂಗಿ ಹಾಕಿಕೊಂಡು ನಾನು ಶಾಲೆಗೆ ಹೋದ ನೆನಪೇ ಇಲ್ಲ.

ಮೇ ತಿಂಗಳಿಂದಲೇ ಸುದ್ದಿ ಬರುತ್ತಿತ್ತು. ಪುಣೆಯಲ್ಲಿ ಗೋವಾ ವಿಮೋಚನ ಸಹಾಯಕ ಸಮಿತಿ ಕಟ್ಟಿದ್ದರು. ಕೇಶವರಾವ್ ಜೇಧೆ ಅಧ್ಯಕ್ಷರು, ಜಯಂತರಾವ್ ಟಿಳಕ ಕಾರ್ಯದರ್ಶಿ. ಮೇ 18ರಂದು ಎನ್. ಜಿ. ಗೋರೆ, ಸೇನಾಪತಿ ಬಾಪಟ್ ಮೊದಲ ತಂಡ ಕರೆದುಕೊಂಡು ಗಡಿ ದಾಟಿದರು. ಜೂನ್‌ನಲ್ಲಿ ನರಗುಂದದ ಜಗನ್ನಾಥರಾವ್ ಜೋಶಿ ಹೋದರು. ಅಪ್ಪ ಅವರ ಭಾಷಣವನ್ನು ಬೆಳಗಾವಿಯಲ್ಲಿ ಕೇಳಿದ್ದ, ಕನ್ನಡದಲ್ಲಿ ಹಾಗೆ ಮಾತಾಡುವವರು ಕಡಿಮೆ ಎನ್ನುತ್ತಿದ್ದ. ಜುಲೈಯಲ್ಲಿ ಮಧು ಲಿಮಯೆ, ಬಂಗಾಳದ ಸಂಸದ ತ್ರಿದಿಬ್ ಚೌಧುರಿ. ಗೋರೆ ಸಮಾಜವಾದಿ, ಜೋಶಿ ಜನಸಂಘ, ಚೌಧುರಿ ಕ್ರಾಂತಿಕಾರಿ ಸಮಾಜವಾದಿ ಪಕ್ಷ. ಪರಸ್ಪರ ಒಂದು ಮಾತಿಗೂ ಒಪ್ಪದ ಪಕ್ಷಗಳವರು ಬರಿಗೈಲೇ ಹೋಗಬೇಕೆಂಬ ಒಂದೇ ನಿಯಮಕ್ಕೆ ಒಪ್ಪಿ ಒಂದೇ ಹಾದಿ ತುಳಿದರು. ಅಂಥದು ನಮ್ಮ ದೇಶದಲ್ಲಿ ಆಮೇಲೆ ಎಷ್ಟು ಸಲ ಆಗಿದೆ?

ಆಗಸ್ಟ್ 15ಕ್ಕೆ ಎಲ್ಲ ಗಡಿಗಳಿಂದ ಒಮ್ಮೆಗೇ ಹೋಗುವುದೆಂದು ತೀರ್ಮಾನವಾಗಿತ್ತು. ಹಿಂದಿನ ದಿನವೇ ಲೋಂಡಾದ ಕಡೆಯಿಂದ ಬಂದ ಗಾಡಿಗಳಿಂದ ಜನ ಇಳಿಯತೊಡಗಿದರು. ನಿಲ್ದಾಣದಲ್ಲಿ ಜಾಗ ಸಾಲದೆ ಕ್ವಾರ್ಟರ್ಸಿನ ಪಡಸಾಲೆಗಳಲ್ಲಿ ಮಲಗಿದರು. ಒಂದಿಷ್ಟು ಜನರ ಭಾಷೆ ನಮಗೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಗೆ ಬಂದವರಲ್ಲಿ ಧಾರವಾಡದ ಕಡೆಯ ಒಬ್ಬ ಮಾಸ್ತರರು ಇದ್ದರು. ಪ್ರಾಥಮಿಕ ಶಾಲೆಯ ಮಾಸ್ತರಿಕೆ, ಮೂವತ್ತರೊಳಗಿನ ವಯಸ್ಸು. ಕಾಡಿನ ದಾರಿಯಲ್ಲಿ ಒಂದಿಷ್ಟು ತಿರುಗಾಡಿ ಬಂದಿದ್ದರೆಂದು ಕಾಣುತ್ತದೆ, ಹಿಮ್ಮಡಿಯ ತುಂಬ ಉಂಬಳ. ಅವ್ವ ತಂಬಾಕು ಸುಣ್ಣ ತಿಕ್ಕಿ ಒಂದೊಂದನ್ನೇ ಉದುರಿಸಿದಳು. ರಕ್ತ ಒರೆಸಿಕೊಳ್ಳುತ್ತ ಅವರು, "ನಾಳೆ ಎಷ್ಟ ಹರೀತದೋ, ಇವತ್ತ ಇವಕ್ಕೂ ಒಂದೀಟ ಇರಲಿ ಬಿಡ್ರಿ ಅಕ್ಕಾರ" ಎಂದರು. ಅವ್ವನಿಗೆ ಸಿಟ್ಟು ಬಂತು. "ಅಂಥಾ ಮಾತ ಆಡಬ್ಯಾಡ್ರಿ, ಮನ್ಯಾಗ ಸಣ್ಣ ಹುಡುಗ್ರದಾವ" ಎಂದು ಗದರಿದಳು.

ರಾತ್ರಿ ತಂಡದ ಮುಖ್ಯಸ್ಥರು ಮನೆಮನೆಗೆ ಬಂದು ಎಲ್ಲರ ಚೀಲ ನೋಡಿದರು. ಚಾಕು, ಕತ್ತರಿ, ದಾಡಿಯ ಬ್ಲೇಡು ಏನೂ ಇರಕೂಡದು. ಕಬ್ಬಿಣದ್ದೇನೂ ಇರಬಾರದು. ನಾಳೆ ಅವರು ಇವರನ್ನು ಹಿಡಿದಾಗ ಆಯುಧ ಸಿಕ್ಕಿತು ಎಂದು ಬರೆದುಕೊಳ್ಳಲು ಒಂದು ನೆವವೂ ಸಿಗಬಾರದು. ಮಾಸ್ತರರ ಎಲೆಯಡಿಕೆ ಸಂಚಿಯಲ್ಲಿ ಒಂದು ಅಡಕೊತ್ತು ಇತ್ತು. ಹಿತ್ತಾಳೆ ಹಿಡಿ, ಒಂದು ಕಡೆ ಗಿಳಿಯ ಕೊಕ್ಕಿನ ಆಕಾರ, ಅಲಗು ಕಬ್ಬಿಣದ್ದು. ಅವರು ಅದನ್ನು ತಿರುವಿ ತಿರುವಿ ನೋಡಿ, ಇರುವ ಅಡಿಕೆಯನ್ನೆಲ್ಲ ಅಲ್ಲೇ ಕೂತು ಕತ್ತರಿಸಿ ಹೋಳು ಮಾಡಿಕೊಂಡು, ಅಡಕೊತ್ತನ್ನು ಅವ್ವನ ಕೈಗೆ ಕೊಟ್ಟರು. "ಇದು ನಮ್ಮ ತಾಯೀದು. ಇಲ್ಲೇ ಇರಲಿ" ಎಂದರು.

ಬೆಳಗ್ಗೆ ಅವ್ವ ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಚಹಾ ಕಾಯಿಸಿದಳು, ಚುನಮುರಿಗೆ ಎಣ್ಣೆ ಖಾರ ಕಲಸಿ ಕೊಟ್ಟಳು. ಬಟ್ಟೆ ಇನ್ನೂ ಹಸಿಯೇ ಇತ್ತು. ಸಾಲಾಗಿ ಹಳಿಯ ಮೇಲೆ ಹೊರಟರು. ಅಪ್ಪನೂ ಒಂದಷ್ಟು ದೂರ ಹೋದ. ಅದು ಅವನ ದಿನದ ಹಾದಿಯೇ, ಯಾವ ಸ್ಲೀಪರು ಜಾರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನಮ್ಮನ್ನು ಸಿಗ್ನಲ್ ಕಂಬದಿಂದ ಆಚೆ ಬಿಡಲಿಲ್ಲ. ಘೋಷಣೆ ಸ್ವಲ್ಪ ಹೊತ್ತು ಕೇಳಿತು, ಆಮೇಲೆ ಮಳೆ ಅದನ್ನೂ ನುಂಗಿತು. ಗುಂಡಿನ ಸದ್ದು ನಮಗೆ ಕೇಳಲೇ ಇಲ್ಲ. ಗಾಯಗೊಂಡವರನ್ನು ಹೊತ್ತುಕೊಂಡು ಬಂದಾಗಲೇ ಗೊತ್ತಾದದ್ದು. ಅಪ್ಪ ಬಂದವನೇ ನಮ್ಮ ಮನೆಯ ಬಾಗಿಲಿನ ಫಳಿಯನ್ನೇ ಕಿತ್ತುಕೊಂಡು ಹೋದ, ಮಲಗಿಸಿ ಒಯ್ಯುವುದಕ್ಕೆ. ಆ ಮಳೆಗಾಲ ಮುಗಿಯುವ ತನಕ ನಮ್ಮ ಹಿತ್ತಲ ಬಾಗಿಲಿಗೆ ಗೋಣಿಚೀಲ ಕಟ್ಟಿಕೊಂಡಿದ್ದೆವು.

ಮಾಸ್ತರರು ಅವರಲ್ಲಿ ಇರಲಿಲ್ಲ. ಎರಡು ದಿನ ಬಿಟ್ಟು ಬಂದರು, ಒಂದು ಕೈ ಕೊರಳಿಗೆ ಕಟ್ಟಿಕೊಂಡು. ಶೇಗಡಿಯ ಮುಂದೆ ಕೂತು ಅಪ್ಪನಿಗೆ ಹೇಳಿದ್ದನ್ನು ನಾನು ಮೂಲೆಯಲ್ಲಿ ಕೂತು ಕೇಳಿದ್ದೇನೆ. ಸುರಂಗದ ಕತ್ತಲಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆದರಂತೆ. ಒಳಗೆ ಕೂಗಿದ ಘೋಷಣೆ ನಾಲ್ಕು ಪಟ್ಟಾಗಿ ತಿರುಗಿ ಕೇಳುತ್ತಿತ್ತಂತೆ. ಆಚೆ ಬೆಳಕಿಗೆ ಬಂದು ಕಣ್ಣು ಹೊಂದಿಕೊಳ್ಳುವುದರೊಳಗೆ ಗುಂಡು. ಮುಂದೆ ಇದ್ದವರು ಹಳಿಗಳ ನಡುವೆ ಕೂತರು, ಹಿಂದೆ ಇದ್ದವರು ಅವರ ಹಿಂದೆ ಕೂತರು. ಹಿಂದಕ್ಕೆ ಓಡಬಾರದು ಎಂದು ಮೊದಲೇ ಮಾತಾಗಿತ್ತು. ಆಮೇಲೆ ಬಂದೂಕಿನ ಹಿಂಬದಿಯಿಂದ ಬಡಿದರು. ರಾತ್ರಿ ಯಾವುದೋ ಗುಡಿಸಲಿನಲ್ಲಿ ಕೂಡಿಹಾಕಿ, ಹೆಸರೂ ಕೇಳದೆ, ಮರುದಿನ ಕಾಡಿನಲ್ಲಿ ಗಡಿಯಾಚೆ ದೂಡಿದರು. "ನನ್ನ ಹೆಸರ ಕೇಳ್ತಾರ, ಬರಕೋತಾರ ಅಂತ ತಿಳಕೊಂಡಿದ್ದೆ" ಎಂದರು ಮಾಸ್ತರರು. ಆ ಮಾತನ್ನು ಅವರು ಎರಡು ಸಲ ಹೇಳಿದರು. ಅವ್ವ ಅಡಕೊತ್ತು ತಂದುಕೊಟ್ಟಾಗ ಒಂದೇ ಕೈಯಲ್ಲಿ ಅಡಿಕೆ ಕತ್ತರಿಸಲು ಬಾರದೆ ಅಪ್ಪನ ಕೈಗೆ ಕೊಟ್ಟರು.

ಆ ದಿನ ಎಲ್ಲ ಗಡಿಗಳಿಂದ ಒಳಗೆ ಹೋದವರು ಮೂರು ಸಾವಿರಕ್ಕೂ ಹೆಚ್ಚು. ಗುಂಡಿಗೆ ಬಲಿಯಾದವರು 20ಕ್ಕೂ ಹೆಚ್ಚು. ಪತ್ರಾದೇವಿಯಲ್ಲಿ ಬಾವುಟ ಹಿಡಿದು ಮುಂದೆ ನಡೆದ ಮಧ್ಯಪ್ರದೇಶದ ಸಹೋದರಾಬಾಯಿ ರಾಯ್‌ಗೆ ಗುಂಡು ತಗಲಿತು. ಅವರ ಕಡೆ ಮುಂದೆ ಬಂದ ಪಂಜಾಬಿನ ಕರ್ನೈಲ್ ಸಿಂಗ್ ಬೆನಿಪಾಲ್ ಅಲ್ಲೇ ಬಿದ್ದ. ಆಕೆ ಬದುಕಿ, 1957ರಲ್ಲಿ ಲೋಕಸಭೆಗೆ ಆರಿಸಿ ಬಂದರು. ಮುಂಬಯಿ ಹೊತ್ತಿ ಉರಿಯಿತು. ನೆಹರೂ ಸರ್ಕಾರ ಸತ್ಯಾಗ್ರಹಿಗಳು ಗಡಿ ದಾಟುವುದನ್ನು ನಿಲ್ಲಿಸಿತು, ಗೋವಾಕ್ಕೆ ಹೋಗುವ ರೈಲೂ ನಿಂತಿತು. ಅಪ್ಪನ ಹಾದಿ ಗಡಿಯ ಈಚೆಗೇ ಮುಗಿಯತೊಡಗಿತು.

ಇಷ್ಟು ಹೇಳುವಾಗ ಹುಡುಗರು ಒಂದೂ ಮಾತಾಡಿರಲಿಲ್ಲ. ಇಂಡಿಯವನು ಕೇಳಿದ: "ಕೋರ್ಟಿನಾಗ ನಿಂದರಿಸಿದ್ರು ಅಂದ್ರಲ್ಲ, ಅದೇನಾತ್ರಿ?"

ಮುಂದಾಳುಗಳನ್ನು ಹಾಗೆ ದೂಡಿ ಬಿಡಲಿಲ್ಲ. ಅವರನ್ನು ಪಣಜಿಯ ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿದರು. ತೀರ್ಪು ಕೊಡುವವರೂ ಮಿಲಿಟರಿಯವರೇ, ನಡೆಯುವುದೂ ಪೋರ್ಚುಗೀಸ್ ಭಾಷೆಯಲ್ಲೇ. ಗಡಿ ದಾಟಿಲ್ಲ ಎಂದು ಯಾರೂ ಸುಳ್ಳು ಹೇಳುವ ಪ್ರಮೇಯವೇ ಇರಲಿಲ್ಲ. ಹಾಡಹಗಲು, ಬಾವುಟ ಹಿಡಿದು, ಮೊದಲೇ ಹೇಳಿ ಬಂದವರು. ಗೋರೆಗೆ 10 ವರ್ಷ. ತ್ರಿದಿಬ್ ಚೌಧುರಿಗೆ 12 ವರ್ಷ. ಮಧು ಲಿಮಯೆಗೆ 1955ರ ಡಿಸೆಂಬರಿನಲ್ಲಿ 12 ವರ್ಷ ಕಠಿಣ ಶಿಕ್ಷೆ. ಪೊಲೀಸರ ಕೈಯಲ್ಲಿ ಆಗಲೇ ಚೆನ್ನಾಗಿ ಏಟು ತಿಂದಿದ್ದರು. ಲಿಮಯೆ ತಮ್ಮ ಪರವಾಗಿ ಒಂದು ವಾದವನ್ನೂ ಮಂಡಿಸಲಿಲ್ಲ, ಶಿಕ್ಷೆಯ ಮೇಲೆ ಅಪೀಲೂ ಹೋಗಲಿಲ್ಲ.

"ಅಪೀಲ ಯಾಕ ಹೋಗಲಿಲ್ಲ?" ಅವನಿಗೆ ಅದು ಅರ್ಥವೇ ಆಗಲಿಲ್ಲ. ಎರಡು ಎಕರೆ ಹೊಲಕ್ಕೆ ಮೂರು ಕೋರ್ಟು ಹತ್ತಿದ ಮನೆಯವನು. ಹನ್ನೆರಡು ವರ್ಷದ ಜೈಲಿಗೆ ಒಂದು ಕಾಗದ ಹಾಕದ ಮನುಷ್ಯ ಅವನಿಗೆ ಹೇಗೆ ಅರ್ಥವಾಗಬೇಕು?

ನನಗೆ ತಿಳಿದಂತೆ ಹೇಳಿದೆ. ನಿನ್ನ ಹೊಲದ ವ್ಯಾಜ್ಯಕ್ಕೆ ಇಂಡಿಯ ಕೋರ್ಟಿಗೆ ಹೋಗುತ್ತೀ, ಯಾಕೆಂದರೆ ಆ ಕೋರ್ಟಿಗೆ ನಿನ್ನ ಮೇಲೂ ನಿನ್ನ ದಾಯಾದಿಯ ಮೇಲೂ ಅಧಿಕಾರ ಇದೆ ಎಂದು ನೀನು ಒಪ್ಪಿದ್ದೀ. ಲಿಮಯೆ ಹೋದದ್ದು ಆ ಅಧಿಕಾರ ನಿಮಗಿಲ್ಲ ಎಂದು ಹೇಳುವುದಕ್ಕೆ. ಅಪೀಲು ಬರೆದರೆ ಅದರ ಮೊದಲ ಸಾಲಿನಲ್ಲೇ ಗೋವಾ ನಿಮ್ಮದು ಎಂದು ಬರೆದುಕೊಟ್ಟಂತೆ. ಶಿಕ್ಷೆ ಕಡಿಮೆಯಾಗಬಹುದು, ಹೋದ ಕೆಲಸ ಅಲ್ಲಿಗೆ ಕೆಡುತ್ತದೆ. ಹನ್ನೆರಡು ವರ್ಷ ಎಂದಾಗ ಆ ಮನುಷ್ಯನಿಗೆ 33. ಮನೆಯಲ್ಲಿ ಹೆಂಡತಿ, ಸಣ್ಣ ಮಗ. ಬಿಡುಗಡೆ ಬೇಗ ಆದೀತೆಂಬ ಖಾತ್ರಿ ಯಾರೂ ಕೊಟ್ಟಿರಲಿಲ್ಲ. ಗುಂಡಿಗೆ ಎದೆಯೊಡ್ಡುವುದು ಒಂದು ಗಳಿಗೆಯ ಧೈರ್ಯ, ಸುತ್ತ ಜನ ಇರುತ್ತಾರೆ, ಘೋಷಣೆ ಇರುತ್ತದೆ. ಆಗ್ವಾದ ಕೋಟೆಯ ಕೋಣೆಯಲ್ಲಿ ಒಬ್ಬನೇ ಕೂತು, ಪ್ರತಿದಿನ ಬೆಳಗ್ಗೆ ಎದ್ದು, ಇವತ್ತೂ ಅರ್ಜಿ ಬರೆಯುವುದಿಲ್ಲ ಎಂದು ನಿರ್ಧರಿಸುವುದಿದೆಯಲ್ಲ, ಅದಕ್ಕೆ ಬೇಕಾದದ್ದು ಇನ್ನೂ ದೊಡ್ಡದು ಎಂದು ನಾನು ನಂಬಿದ್ದೇನೆ.

ಅದೇ ಡಿಸೆಂಬರಿನಲ್ಲಿ ಪೋರ್ಚುಗಲ್ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಭಾರತದ ಮೇಲೆ ದಾವೆ ಹೂಡಿತು. ಕೈತಪ್ಪಿದ ದಾದ್ರಾ ನಗರಹವೇಲಿಗೆ ಹೋಗಲು ನಮಗೆ ದಾರಿ ಬಿಡಿಸಿಕೊಡಿ ಎಂದು. ತನಗೆ ನ್ಯಾಯ ಬೇಕಾದಾಗ ಜಗತ್ತಿನ ಕೋರ್ಟು, ನಿರಾಯುಧರನ್ನು ವಿಚಾರಿಸುವಾಗ ಸಿಪಾಯಿಗಳ ಕೋರ್ಟು. ಇದನ್ನು ನೆನೆದಾಗ ಈ ವಯಸ್ಸಿನಲ್ಲೂ ನನಗೆ ಸಿಟ್ಟು ಬರುತ್ತದೆ.

ಎಲ್ಲರೂ ಲಿಮಯೆ ಮಾಡಿದಂತೆಯೇ ಮಾಡಬೇಕೆಂದಿಲ್ಲ. ಇಂಗ್ಲೆಂಡಿನ ಆರು ಜನ ಬೇರೆ ಹಾದಿ ಹಿಡಿದರು. 1961ರ ಡಿಸೆಂಬರ್ 9ರಂದು, ವೆದರ್ಸ್‌ಫೀಲ್ಡ್ ಎಂಬಲ್ಲಿ ಅಮೆರಿಕದ ವಿಮಾನಗಳಿದ್ದ ವಾಯುನೆಲೆಗೆ ಹೋಗಿ ರನ್‌ವೇ ಮೇಲೆ ಕೂಡುವುದು ಅವರ ಬೇತು. ಅಣುಬಾಂಬು ಬೇಡ ಎನ್ನುವವರು. ಅದನ್ನು ಸಂಘಟಿಸಿದ್ದಕ್ಕೆ, ಗೂಢಚಾರರಿಗಾಗಿ ಮಾಡಿದ ಅಧಿಕೃತ ರಹಸ್ಯಗಳ ಕಾಯ್ದೆಯ ಕೆಳಗೆ ಮೊಕದ್ದಮೆ ಹಾಕಿದರು. ಆರು ಜನರಲ್ಲಿ ಪ್ಯಾಟ್ ಪಾಟ್ಲ್ ಎಂಬವನು ವಕೀಲರನ್ನಿಡದೆ ತಾನೇ ವಾದಿಸಿದ. ಸಾಕ್ಷಿ ಹೇಳಲು ಬಂದ ವಾಯುಪಡೆಯ ಅಧಿಕಾರಿಯನ್ನು, ಲಕ್ಷಾಂತರ ಜನ ಸಾಯುತ್ತಾರೆಂದು ಗೊತ್ತಿದ್ದೂ ನೀವು ಆ ಗುಂಡಿ ಒತ್ತುತ್ತೀರಾ ಎಂದು ಕೇಳಿದ. ಸಂದರ್ಭ ಬಂದರೆ ಒತ್ತುತ್ತೇನೆ ಎಂದು ಆತ ಒಪ್ಪಿಕೊಂಡ. ಆದರೆ ಇವರು ಯಾಕೆ ಹೋದರು ಎಂಬುದನ್ನು ಸಾಕ್ಷಿಗಳ ಬಾಯಿಂದ ಹೇಳಿಸಲು ನ್ಯಾಯಾಧೀಶರು ಬಿಡಲಿಲ್ಲ. ನೆಲೆಗೆ ಅಡ್ಡಿ ಮಾಡುವ ಉದ್ದೇಶ ಇತ್ತೋ ಇಲ್ಲವೋ, ಅಷ್ಟೇ ಪ್ರಶ್ನೆ ಎಂದರು. ಐವರು ಗಂಡಸರಿಗೆ 18 ತಿಂಗಳು, ಹೆಲೆನ್ ಅಲೆಗ್ರಾಂಜಾ ಎಂಬ ಹೆಣ್ಣುಮಗಳಿಗೆ 12 ತಿಂಗಳು. ಅವರು ಅಪೀಲಿಗೂ ಹೋದರು, 1962ರಲ್ಲಿ ಅಲ್ಲಿಯ ಅತಿ ಮೇಲಿನ ನ್ಯಾಯಪೀಠದಲ್ಲೂ ಸೋತರು. ಅದು ಅವರದೇ ದೇಶದ ಕೋರ್ಟು. ಅಲ್ಲಿ ವಾದಿಸುವುದು ಅವರ ಹಕ್ಕಾಗಿತ್ತು, ಅವರು ವಾದಿಸಿದ್ದೇ ಸರಿ. ಲಿಮಯೆ ಸುಮ್ಮನಿದ್ದದ್ದೂ ಸರಿ. ಎರಡು ಕಡೆಯೂ ಕೋರ್ಟು ಕೇಳಿದ್ದು ಹೋದಿರೋ ಇಲ್ಲವೋ ಎಂದು. ಯಾಕೆ ಹೋದಿರಿ ಎಂಬುದು ಯಾರಿಗೂ ಬೇಕಿರಲಿಲ್ಲ.

ಆ ವೆದರ್ಸ್‌ಫೀಲ್ಡಿನ ಘಟನೆ ನಡೆದು ಹತ್ತೇ ದಿನಕ್ಕೆ, ಡಿಸೆಂಬರ್ 19ರಂದು, ಗೋವಾ ನಮ್ಮದಾಯಿತು. 18ರಂದು ನಮ್ಮ ಸೈನ್ಯ ಒಳಹೊಕ್ಕಿತು, ಸುಮಾರು 36 ತಾಸಿನಲ್ಲಿ ಎಲ್ಲ ಮುಗಿಯಿತು.

ಕೋಲಶೇತ್ ಕಡೆಯವನು ಬಿಡಲಿಲ್ಲ. "ಹಂಗಾರ ಮಿಲಿಟರಿ ಒಂದೂವರಿ ದಿನದಾಗ ಮಾಡೋ ಕೆಲಸಕ್ಕ ಇವ್ರೆಲ್ಲ ಯಾಕ ಗುಂಡ ತಿನ್ನಬೇಕಿತ್ರಿ ಅಜ್ಜಾರ?"

ಇದು ನನ್ನ ಜೀವಮಾನದಲ್ಲಿ ಬಹಳ ಜನ ಕೇಳಿದ ಪ್ರಶ್ನೆ. ಆ ಡಿಸೆಂಬರಿನಲ್ಲಿ ನಾನು ಹದಿನಾರರ ಹುಡುಗ. ಕ್ಯಾಸಲ್‌ರಾಕ್‌ನಲ್ಲಿ ಎಲ್ಲರ ಜೊತೆ ಕುಣಿದವನೇ. ಸೈನಿಕರ ಮೇಲೆ ನನಗೆ ಗೌರವ ಇದೆ. ಆದರೂ ಆ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಗೋವಾದ ಜನ ಸಂತೋಷವಾಗಿದ್ದಾರೆ ಎಂದು ಲಿಸ್ಬನ್ ಹದಿನೈದು ವರ್ಷ ಜಗತ್ತಿನ ಮುಂದೆ ಹೇಳುತ್ತಲೇ ಇತ್ತು. ಅದನ್ನು ಸುಳ್ಳೆಂದು ತೋರಿಸಿದ್ದು ಫಿರಂಗಿ ಅಲ್ಲ, ಅವರದೇ ಕೋರ್ಟಿನ ಕಡತಗಳು. ಸಂತೋಷವಾಗಿದ್ದವರಿಗೆ ಎಂಟು ವರ್ಷ, ಹತ್ತು ವರ್ಷ, ಹನ್ನೆರಡು ವರ್ಷ ಯಾಕೆ ಶಿಕ್ಷೆ ಕೊಟ್ಟಿರಿ? ಪ್ರತಿಯೊಂದು ತೀರ್ಪಿನಲ್ಲಿ ಅವರು ತಮ್ಮ ವಿರುದ್ಧವೇ ಸಹಿ ಹಾಕಿದ್ದರು. 1961ರಲ್ಲಿ ನಮ್ಮ ಸೈನ್ಯ ಹೋದಾಗ ಅದು ಪರರ ನಾಡಿಗೆ ನುಗ್ಗಿದಂತೆ ನಮಗ್ಯಾರಿಗೂ ಅನ್ನಿಸದೆ ಇದ್ದದ್ದು, ಅದಕ್ಕೂ ಮೊದಲೇ ಬರಿಗೈಯವರು ಆ ಹಾದಿಯಲ್ಲಿ ನಡೆದಿದ್ದರು ಎಂಬುದಕ್ಕೇ.

"ಜೈಲಿನ್ಯಾಗ ಇದ್ದವರು ಅಲ್ಲೀತನಕ ಒಳಗ ಇದ್ದರೇನ್ರಿ?"

ಇಲ್ಲ. ಗೋರೆ, ಲಿಮಯೆ, ಚೌಧುರಿ ಮುಂತಾದ ಭಾರತದ ಕಡೆಯವರನ್ನು 1957ರಲ್ಲಿ ಬಿಟ್ಟರು. ಲಿಮಯೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದರು. ಗೋವಾದವರದು ಬೇರೆ ಕಥೆ. ಅವರು ಪೋರ್ಚುಗಲ್ಲಿನ ಪ್ರಜೆಗಳೆಂದೇ ಲೆಕ್ಕ, ಅವರ ಪರವಾಗಿ ಕೇಳಲು ಯಾವ ಸಂಸತ್ತೂ ಇರಲಿಲ್ಲ. ಅವರಲ್ಲಿ ಎಷ್ಟೋ ಜನ ಆಮೇಲೂ ಆಗ್ವಾದದಲ್ಲೇ ಉಳಿದರು. ಅವರ ಕಥೆಯನ್ನು ಕನ್ನಡದಲ್ಲಿ ನಾವು ಬರೆದುಕೊಂಡದ್ದು ತೀರಾ ಕಡಿಮೆ.

ಇನ್ನು ನಮ್ಮ ಮಾಸ್ತರರು. ಹೆಸರನ್ನೂ ಕೇಳದೆ ಅವರನ್ನು ಗಡಿಯಾಚೆ ದೂಡಿದರು ಎಂದೆನಲ್ಲ, ಅದರ ಬೆಲೆ ಅವರಿಗೆ ಗೊತ್ತಾದದ್ದು ಬಹಳ ವರ್ಷಗಳ ಮೇಲೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಅರ್ಜಿ ಹಾಕಿದಾಗ ಆರು ತಿಂಗಳ ಜೈಲುವಾಸದ ದಾಖಲೆ ಕೇಳಿದರು. ಜೈಲಿಗೆ ಹಾಕಲಿಲ್ಲ, ಮೊಕದ್ದಮೆ ನಡೆಸಲಿಲ್ಲ, ಹಾಗಾಗಿ ಕಾಗದ ಇಲ್ಲ. ಮುರಿದು ಸೊಟ್ಟಗೆ ಕೂಡಿಕೊಂಡ ಕೈ ತೋರಿಸಿದರೆ, ಅದು ಎಲ್ಲಿಯಾದರೂ ಬಿದ್ದು ಆಗಿರಬಹುದಲ್ಲ ಎಂದರಂತೆ. ನಮ್ಮಪ್ಪ ಸಾಕ್ಷಿ ಹೇಳಲು ಲೋಂಡಾದಿಂದ ಹೋಗಿಬಂದ. ಕೀಮನ್ನನ ಮಾತನ್ನು ಬರೆದುಕೊಳ್ಳಲು ಅಲ್ಲೊಂದು ಕಲಮು ಇರಲಿಲ್ಲ. ಗೋವಾ ಸತ್ಯಾಗ್ರಹದ 1954-55ರ ಹಂತದವರಿಗೆ ಕೇಂದ್ರ ಸರ್ಕಾರ ಮುಂದೆ ಈ ನಿಯಮವನ್ನು ಸಡಿಲಿಸಿತು. ಅಷ್ಟು ಹೊತ್ತಿಗೆ ಮಾಸ್ತರರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಅಪ್ಪನೂ ಇರಲಿಲ್ಲ. ಅವರ ಮನೆಯವರು ಮತ್ತೆ ಅರ್ಜಿ ಹಾಕಲಿಲ್ಲ. ಅವರನ್ನು ಕೇಳದೆ ಹೆಸರು ಬರೆಯಬಾರದೆಂದು ಇಲ್ಲಿ ಬರೆದಿಲ್ಲ. ಆ ರಾತ್ರಿ ಹುಡುಗರಿಗೆ ಹೇಳಿದ್ದೇನೆ.

ಇಂಡಿಯ ಹುಡುಗ ನಕಲು, ದಾಖಲೆ, ದಸ್ತಾವೇಜುಗಳ ನಡುವೆಯೇ ಬೆಳೆದವನು. ಅವನು ಕೂಡಲೇ ಕೇಳಿದ್ದು ಇದೇ: "ಅಂಥವರು ಇನ್ನ ಎಷ್ಟ ಮಂದಿ ಇರಬಹುದ್ರಿ?" ಬೆಳಗಾವಿ, ಖಾನಾಪುರ, ಲೋಂಡಾ, ಕಾರವಾರ, ಮಾಜಾಳಿಯ ಕಡೆ ಅಂಥ ಮನೆಗಳಿವೆ. ಗುಂಡು ತಗಲದೆ, ಜೈಲಿಗೂ ಹೋಗದೆ, ಏಟು ತಿಂದು ವಾಪಸು ಬಂದು ಮರುದಿನದಿಂದ ಶಾಲೆಗೋ ಅಂಗಡಿಗೋ ಹೋದವರ ಮನೆಗಳು. ಅವರಲ್ಲಿ ಅತಿ ಕಿರಿಯರಾಗಿದ್ದವರಿಗೂ ಈಗ ತೊಂಬತ್ತರ ಆಸುಪಾಸು. ಚಹಾ ಕಾಯಿಸಿಕೊಟ್ಟವರ, ಬಾಗಿಲಿನ ಫಳಿ ಕೊಟ್ಟವರ ಮಕ್ಕಳು ನನ್ನ ವಯಸ್ಸಿನವರು. ಕೇಳಿ ಬರೆದುಕೊಳ್ಳುವವರು ಹೋಗುವುದಾದರೆ ಈ ಮಳೆಗಾಲಕ್ಕೆ ಮೊದಲೇ ಹೋಗಬೇಕು.